ಪುಟ್ಟಿ ಐಸಿಯು ಬಿಡುವುದು ಬೇಡ, ಓದು ಮುಂದಕ್ಕೆ ಹಾಕುವುದೂ ಬೇಡ

ಭಾವ, ಅಕ್ಕ, ಎಲ್ಲರಿಗೂ ನಮಸ್ಕಾರ. ಬರೆಯಲು ಕೂತರೆ ಮುಗಿಯುವುದಿಲ್ಲ ಅಂತ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಕೇಳಿ. ಪುಟ್ಟಿ, ನೀನಂತೂ ಪೂರ್ತಿ ಕೇಳಲೇಬೇಕು.

ನಿನ್ನೆ ಭಾವ ನಮ್ಮ ಮನೆಯವರ ಗ್ರೂಪಿನಲ್ಲಿ ಮಗಳ ಬಗ್ಗೆ ಕೇಳಿದ್ದರಲ್ಲ. ಪುಟ್ಟಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಮೈಸೂರಿನಲ್ಲಿ ಐಸಿಯು ಸೇರಿ ಎರಡು ವರ್ಷ ಆಗುತ್ತಾ ಬಂತು, ಮುಂದೆ ಓದಬೇಕು ಅನ್ನುತ್ತಾಳೆ, ಕೆಲಸ, ಓದು ಎರಡೂ ಒಟ್ಟಿಗೆ ಆಗುತ್ತಾ ಅಂತ. ಅದಕ್ಕೆ ಅವಳ ದೊಡ್ಡಪ್ಪ, ಐಸಿಯು ಬಿಟ್ಟು ಯಾವುದಾದರೂ ಹಗುರದ ವಾರ್ಡಿಗೆ ಹಾಕಿಸಿಕೊಳ್ಳಲಿ, ಓದೋಕೆ ಟೈಮ್ ಸಿಗುತ್ತೆ ಅಂದರು. ಅವಳ ಸೋದರತ್ತೆ, ಎಂಎಸ್ಸಿ ಮಾಡಿ ಲೆಕ್ಚರರ್ ಆಗಲಿ, ನೈಟ್ ಡ್ಯೂಟಿಯೇ ಇರಲ್ಲ ಅಂದರು. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನಾನು ಬೆಂಗಳೂರಿನ ಐಸಿಯುನಲ್ಲಿ ಕೆಲಸ ಮಾಡಿಕೊಂಡೇ ಓದಿದವಳು. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಅವಳು ಐಸಿಯು ಬಿಡುವುದು ಬೇಡ. ಅವಳಿಗೆ ಓದಬೇಕು ಅನ್ನಿಸಿದ್ದೇ ಅಲ್ಲಿ ನಿಂತಿದ್ದರಿಂದ. ಅಲ್ಲಿಂದ ಎಬ್ಬಿಸಿ ಓದಿಸಿದರೆ ಓದು ಬರೀ ಪರೀಕ್ಷೆಗಾಗಿ ಆಗುತ್ತದೆ.

ಯಾಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ನರ್ಸಿಂಗ್ ಗೊತ್ತಿಲ್ಲದವರಿಗೂ ಅರ್ಥ ಆಗುತ್ತದೆ. ಸೆಪ್ಸಿಸ್ ಆಗಿ, ಅಂದರೆ ಸೋಂಕು ಮೈಯೆಲ್ಲ ಕೆಡಿಸಿ, ಬಿಪಿ ಬಿದ್ದುಹೋದ ರೋಗಿಗೆ ಮುಂಗೈ ರಕ್ತನಾಳದಲ್ಲಿ ಒಂದು ಸಣ್ಣ ಲೈನ್ ಹಾಕಿರುತ್ತಾರೆ. ಅದನ್ನು ಟ್ರಾನ್ಸ್‌ಡ್ಯೂಸರ್ ಅನ್ನುವ ಪುಟ್ಟ ಸಾಧನಕ್ಕೆ ಜೋಡಿಸಿದರೆ ಬಿಪಿ ಒಂದೇ ಸಮನೆ ಮಾನಿಟರ್ ಮೇಲೆ ಬರುತ್ತಾ ಇರುತ್ತದೆ. ಆ ಟ್ರಾನ್ಸ್‌ಡ್ಯೂಸರ್ ರೋಗಿಯ ಹೃದಯದ ಮಟ್ಟಕ್ಕೇ ಇರಬೇಕು. ಈಗ ಬೆಡ್‌ಶೀಟ್ ಬದಲಾಯಿಸಲು ಯಾರೋ ಮಂಚ ಎತ್ತರಿಸಿದರು ಅಂದುಕೊಳ್ಳಿ. ರೋಗಿ ಮೇಲೆ ಹೋದರು, ಸ್ಟ್ಯಾಂಡಿಗೆ ಕಟ್ಟಿದ ಟ್ರಾನ್ಸ್‌ಡ್ಯೂಸರ್ ಇದ್ದಲ್ಲೇ ಉಳಿಯಿತು. ಅದು 10 ಸೆಂಟಿಮೀಟರ್ ಕೆಳಗಿದ್ದರೂ ಸಾಕು, ಬಿಪಿ ಇರುವುದಕ್ಕಿಂತ ಸುಮಾರು 7 ಅಂಕಿ ಜಾಸ್ತಿ ತೋರಿಸುತ್ತದೆ. ಇಂಥ ರೋಗಿಯ ಸರಾಸರಿ ಬಿಪಿ, ನಾವು ಮ್ಯಾಪ್ ಅನ್ನುತ್ತೇವೆ, 65ಕ್ಕಿಂತ ಕೆಳಗೆ ಇಳಿಯಬಾರದು ಅಂತ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಔಷಧಿಯ ಪಂಪ್ ಓಡಿಸುತ್ತಿರುತ್ತೇವೆ. ನಿಜವಾಗಿ ಇರುವುದು 58, ಮಾನಿಟರ್ ತೋರಿಸುವುದು 65. ಎಲ್ಲ ಸರಿ ಇದೆ ಅಂತ ಕಾಣುತ್ತದೆ. ಆದರೆ ಆ ಹೊತ್ತಿಗೆ ಕಿಡ್ನಿಗೆ ಬೇಕಾದಷ್ಟು ರಕ್ತ ಹೋಗುತ್ತಿರುವುದಿಲ್ಲ.

ಈ ವಿಷಯ ಪುಸ್ತಕದಲ್ಲಿ ಒಂದೇ ಸಾಲು. ಕಾಲೇಜಿನಲ್ಲಿ ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಮಂಚದ ಪಕ್ಕ ನಿಂತು, ಟ್ರಾನ್ಸ್‌ಡ್ಯೂಸರ್ ಲೆವೆಲ್ ಸರಿ ಮಾಡಿ, ಅದನ್ನು ಸೊನ್ನೆಗೆ ಹೊಂದಿಸಿ, ಅಂಕಿ ಕಣ್ಣೆದುರೇ ಇಳಿಯುವುದನ್ನು ನೋಡಿದ ಮೇಲೆ ಆ ಸಾಲು ಮರೆಯುವ ಮಾತೇ ಇಲ್ಲ. ಮನೆಗೆ ಬಂದು ಮತ್ತೆ ಓದಿದರೆ ಅದರ ಹಿಂದಿನ ಲೆಕ್ಕ ಎಲ್ಲ ಬಿಡಿಸಿಕೊಳ್ಳುತ್ತದೆ. ಇಂಥ ಓದು ವಾರ್ಡಿನಲ್ಲಿ ಎಷ್ಟು ಟೈಮ್ ಸಿಕ್ಕರೂ ಆಗುವುದಿಲ್ಲ. ದೊಡ್ಡಪ್ಪನವರು ಬೇಜಾರು ಮಾಡಿಕೊಳ್ಳಬಾರದು, ವಾರ್ಡ್ ಹಗುರ ಅನ್ನುವುದೂ ಅಷ್ಟು ನಿಜವಲ್ಲ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಅಂತ ನಿಯಮ. ವಾರ್ಡಿನಲ್ಲಿ ಒಬ್ಬಳೇ ಎಷ್ಟು ಜನರನ್ನು ನೋಡಿಕೊಳ್ಳಬೇಕಾಗುತ್ತೆ ಅಂತ ನೀವೇ ಆಸ್ಪತ್ರೆಗೆ ಹೋದಾಗ ನೋಡಿದ್ದೀರಲ್ಲ.

ಈಗ ಕೋರ್ಸಿನ ವಿಷಯ. ಪುಟ್ಟಿ, ಇಲ್ಲಿ ಸರಿಯಾಗಿ ಕೇಳಿಸಿಕೋ. ಬಿಎಸ್ಸಿ ಆದವರು ಮುಂದೆ ಅಂದರೆ ಎಂಎಸ್ಸಿ ಒಂದೇ ಅಂತ ನಮ್ಮ ಮನೆಯಲ್ಲೆಲ್ಲ ಅಂದುಕೊಂಡಿದ್ದಾರೆ. ಎಂಎಸ್ಸಿ ಎರಡು ವರ್ಷ. ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ತೆಗೆದುಕೊಂಡರೆ ಅದರಲ್ಲಿ ಕ್ರಿಟಿಕಲ್ ಕೇರ್ ಕಡೆ ಹೋಗಬಹುದು. ಬಿಎಸ್ಸಿಯಲ್ಲಿ 55 ಪರ್ಸೆಂಟ್, ಒಂದು ವರ್ಷ ಕೆಲಸದ ಅನುಭವ ಕೇಳುತ್ತಾರೆ. ಎರಡೂ ನಿನಗೆ ಇದೆ. ಪಾಠ ಹೇಳುವ ಆಸೆ ನಿಜವಾಗಿ ಇದ್ದರೆ ಅದು ಒಳ್ಳೆಯ ದಾರಿಯೇ. ನೈಟ್ ಡ್ಯೂಟಿ ತಪ್ಪಿಸಿಕೊಳ್ಳಲು ಅಂತ ಮಾತ್ರ ಆ ದಾರಿ ಹಿಡಿಯಬೇಡ. ನಮಗೆ ಪಾಠ ಹೇಳಿದವರಲ್ಲಿ ರೋಗಿಯ ಪಕ್ಕ ವರ್ಷಗಟ್ಟಲೆ ನಿಂತು ಬಂದವರು ಯಾರು, ಓದು ಮುಗಿಸಿ ನೇರವಾಗಿ ಬೋರ್ಡಿಗೆ ಬಂದವರು ಯಾರು ಅಂತ ನಮಗೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು, ಅಲ್ವಾ?

ನನ್ನ ಮನಸ್ಸಿನಲ್ಲಿ ನಿನಗೆ ಇರುವುದು ಇನ್ನೊಂದು. ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್, ಎನ್‌ಪಿಸಿಸಿ ಅನ್ನುತ್ತಾರೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ತಂದ ಎರಡು ವರ್ಷದ ಪಿಜಿ ಕೋರ್ಸ್. ಹೆಚ್ಚು ಹಳೆಯದಲ್ಲ, 2016ರ ಸುಮಾರಿಗೆ ಬಂದದ್ದು. ಅದಕ್ಕೇ ಜನಕ್ಕೆ ಅಷ್ಟು ಗೊತ್ತಿಲ್ಲ. ಇದು ರೆಸಿಡೆನ್ಸಿ. ಡಾಕ್ಟರುಗಳು ಎಂಡಿ ಮಾಡುವಾಗ ಆಸ್ಪತ್ರೆಯಲ್ಲೇ ದುಡಿಯುತ್ತಾ ಕಲಿಯುತ್ತಾರಲ್ಲ, ಆ ಥರ. ಕ್ಲಾಸಿನ ಪಾಠ 20 ಭಾಗ ಆದರೆ ಐಸಿಯುನಲ್ಲಿ ಕಲಿಯುವುದು 80 ಭಾಗ. ಎಬಿಜಿ, ಅಂದರೆ ರಕ್ತದಲ್ಲಿನ ಆಮ್ಲಜನಕ, ಆಮ್ಲದ ಮಟ್ಟ ಹೇಳುವ ಪರೀಕ್ಷೆ, ಓದುವುದು, ವೆಂಟಿಲೇಟರ್ ಸೆಟ್ಟಿಂಗ್ ಅರ್ಥ ಮಾಡಿಕೊಳ್ಳುವುದು, ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಪ್ಲಾನ್ ಹೇಳುವುದು, ಔಷಧಿಗಳ ಶಾಸ್ತ್ರ, ಎಲ್ಲ ಅಲ್ಲೇ. ಮಾಡಿದ್ದನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಸೇರಲು ಬಿಎಸ್ಸಿ ಆದಮೇಲೆ ಕನಿಷ್ಠ ಒಂದು ವರ್ಷದ ಅನುಭವ, ಅದೂ ಐಸಿಯು ಅನುಭವ ಇದ್ದರೆ ಒಳ್ಳೆಯದು ಅನ್ನುತ್ತಾರೆ. ನೋಡಿ ಭಾವ, ಈಗ ಅವಳು ವಾರ್ಡಿಗೆ ಹೋದರೆ ಇದೇ ಅನುಭವ ಕಡಿಮೆ ಆಗುತ್ತದೆ.

ಇನ್ನೊಂದು ಮುಖ್ಯ ವಿಷಯ, ಸಂಬಳ. ಕೆಲಸದಲ್ಲಿರುವವರನ್ನು ಅವರದೇ ಆಸ್ಪತ್ರೆ ಈ ಕೋರ್ಸಿಗೆ ಕಳಿಸಿದರೆ ಸಂಬಳ ಮುಂದುವರಿಯಬೇಕು ಅನ್ನುವುದು ಕೌನ್ಸಿಲ್ ಯೋಚನೆ. ಹೊರಗಿನಿಂದ ಸೇರಿದವರಿಗೆ ಆ ಆಸ್ಪತ್ರೆಯ ಲೆಕ್ಕದಲ್ಲಿ ಕೊಡಬೇಕು. ಆದರೆ ಬಾಯಿಮಾತಿಗೆ ಒಪ್ಪಬೇಡ. ಸೇರುವ ಮೊದಲೇ ಎಷ್ಟು ಕೊಡುತ್ತೀರಿ, ಎಷ್ಟು ಫೀಸು, ಮುಗಿದ ಮೇಲೆ ಇಷ್ಟು ವರ್ಷ ಅಲ್ಲೇ ದುಡಿಯಬೇಕು ಅನ್ನುವ ಬಾಂಡ್ ಇದೆಯಾ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಯಾರ ಹತ್ತಿರ ಇರುತ್ತೆ ಅಂತ ಬರವಣಿಗೆಯಲ್ಲಿ ತೆಗೆದುಕೋ. ಒರಿಜಿನಲ್ ಯಾರಿಗೂ ಕೊಡಬೇಡ. ನನ್ನ ಜೊತೆ ಇದ್ದ ಹುಡುಗಿಯೊಬ್ಬಳು ಅದನ್ನು ವಾಪಸು ಪಡೆಯಲು ಪಟ್ಟ ಪಾಡು ನೋಡಿದ್ದೇನೆ.

ಎರಡು ವರ್ಷ ಈಗಲೇ ಬೇಡ ಅನ್ನಿಸಿದರೆ ಕ್ರಿಟಿಕಲ್ ಕೇರ್ ನರ್ಸಿಂಗ್‌ನಲ್ಲಿ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಒಂದು ವರ್ಷದ್ದು. ಜಿಎನ್ಎಂ, ಅಂದರೆ ಡಿಗ್ರಿ ಅಲ್ಲದ ನರ್ಸಿಂಗ್ ಡಿಪ್ಲೊಮಾ, ಆದವರೂ ಮಾಡಬಹುದು. ನಮ್ಮ ಗ್ರೂಪಿನಲ್ಲಿ ಹಾಸನದ ಚಿಕ್ಕಪ್ಪನ ಸೊಸೆ ಜಿಎನ್ಎಂ ಮಾಡಿದ್ದಾಳಲ್ಲ, ಅವಳೂ ಇದನ್ನು ಕೇಳಿಸಿಕೊಳ್ಳಲಿ. ನಾನು ಸಹ ಮೊದಲು ಮೂರು ವರ್ಷದ ಜಿಎನ್ಎಂ ಮಾಡಿದವಳೇ. ಆಮೇಲೆ ಜಿಎನ್ಎಂ ಆದವರಿಗಿರುವ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದ್ದು ಇಗ್ನೋ ಮುಕ್ತ ವಿವಿಯಲ್ಲಿ. ರೆಗ್ಯುಲರ್ ಆದರೆ ಎರಡು ವರ್ಷ, ಇಗ್ನೋದಲ್ಲಿ ಮೂರು ವರ್ಷ. ಅದು ಕೆಲಸದಲ್ಲಿರುವ ನರ್ಸ್‌ಗಳಿಗೆ ಅಂತಲೇ ಮಾಡಿದ್ದು. ಪಾಠ ಮನೆಗೆ ಬರುತ್ತಿತ್ತು, ಪ್ರಾಕ್ಟಿಕಲ್‌ಗೆ ಮಾತ್ರ ಸೆಂಟರಿಗೆ ಹೋಗಬೇಕಿತ್ತು. ಆ ಪ್ರಾಕ್ಟಿಕಲ್‌ಗೆ ರಜೆ ಹೊಂದಿಸಿಕೊಟ್ಟಿದ್ದು ನಮ್ಮ ಇನ್‌ಚಾರ್ಜ್ ಸಿಸ್ಟರ್. ಅವರನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಕೇರಳದವರು, ಕನ್ನಡ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು.

ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. "ನೀವು ಕೆಲಸ ಮಾಡಿಕೊಂಡಿರಿ, ಕಾಲೇಜಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ಅಟೆಂಡೆನ್ಸ್ ನಾವು ನೋಡಿಕೊಳ್ಳುತ್ತೇವೆ" ಅಂತ ಫೋನ್ ಮಾಡುವ ಏಜೆಂಟರು ಇರುತ್ತಾರೆ. ಭಾವ, ನಿಮಗೂ ಮಾಡುತ್ತಾರೆ, ಲಕ್ಷಗಟ್ಟಲೆ ಕೇಳುತ್ತಾರೆ. ಫೋನ್ ಇಟ್ಟುಬಿಡಿ. ರೆಗ್ಯುಲರ್ ಕೋರ್ಸಿಗೆ 80 ಪರ್ಸೆಂಟ್ ಹಾಜರಿ ಬೇಕು, ಕ್ಲಿನಿಕಲ್ ಅಂತೂ ಡಿಗ್ರಿ ಕೊಡುವ ಮೊದಲು ನೂರಕ್ಕೆ ನೂರು ಮುಗಿದಿರಬೇಕು. ಅದನ್ನು ಮಾಡದೆ ತಂದ ಸರ್ಟಿಫಿಕೇಟ್ ನಾಳೆ ಯಾರಾದರೂ ತೆರೆದು ನೋಡಿದರೆ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕಾಗದ ನಂಬಿ ಒಬ್ಬ ರೋಗಿಯನ್ನು ಅವಳ ಕೈಗೆ ಒಪ್ಪಿಸುತ್ತಾರೆ. ಅವಳು ಅಲ್ಲಿ ಏನು ಮಾಡಬೇಕು ಹೇಳಿ? ಸೇರುವ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ರಾಜೀವ್ ಗಾಂಧಿ ಆರೋಗ್ಯ ವಿವಿಯ ಅಡಿ ಬರುತ್ತಾ, ಈ ವರ್ಷಕ್ಕೂ ಇದೆಯಾ ಅಂತ ವೆಬ್‌ಸೈಟಿನಲ್ಲೇ ನೋಡಿ. ಗೋಡೆಗೆ ಹಾಕಿದ ಫ್ರೇಮ್ ನೋಡಿ ನಂಬಬೇಡಿ.

ಓದುವುದು ಹೇಗೆ ಅಂತ ಪುಟ್ಟಿ ನನಗೆ ಬೇರೆ ಮೆಸೇಜ್ ಹಾಕಿದ್ದಳು. ನಾನು ಮಾಡಿದ್ದು ಹೇಳುತ್ತೇನೆ. ಒಂದು ಸಣ್ಣ ನೋಟ್‌ಬುಕ್ ಏಪ್ರನ್ ಜೇಬಿನಲ್ಲಿ. ಪ್ರತಿ ಶಿಫ್ಟಿನಲ್ಲಿ ಅರ್ಥವಾಗದ ಒಂದೇ ಒಂದು ವಿಷಯ ಅದರಲ್ಲಿ. ಈ ರೋಗಿಯ ರಕ್ತದಲ್ಲಿ ಲ್ಯಾಕ್ಟೇಟ್ ಯಾಕೆ ಇಳಿಯುತ್ತಿಲ್ಲ, ಇವರಿಗೆ ವೆಂಟಿಲೇಟರಿನಲ್ಲಿ ಪೀಪ್ ಅನ್ನುವ ಒತ್ತಡ ಜಾಸ್ತಿ ಮಾಡಿದ ಕೂಡಲೇ ಬಿಪಿ ಯಾಕೆ ಬಿತ್ತು, ಇಷ್ಟೇ. ರೋಗಿಯ ಹೆಸರು, ಬೆಡ್ ನಂಬರ್ ಏನೂ ಬರೆಯಬಾರದು, ಫೋಟೋ ತೆಗೆಯಲೇಬಾರದು. ಮನೆಗೆ ಹೋದ ಮೇಲೆ ಅದೊಂದನ್ನೇ ಓದು. ಪಠ್ಯದಲ್ಲಿ ಅದು ಯಾವ ಅಧ್ಯಾಯಕ್ಕೆ ಬರುತ್ತೋ ಅಲ್ಲಿ ಗುರುತು ಹಾಕು. ವರ್ಷ ಕಳೆಯುವಷ್ಟರಲ್ಲಿ ಪುಸ್ತಕ ತಾನಾಗೇ ತುಂಬಿರುತ್ತದೆ. ಡ್ಯೂಟಿಯಲ್ಲಿ ಪುಸ್ತಕ ತೆರೆಯಬೇಡ. ಬೆಳಗಿನ ಜಾವ ಮೂರರಿಂದ ಐದರ ಹೊತ್ತು ಕಣ್ಣು ಎಳೆಯುತ್ತೆ. ಆಗ ಓದಲು ಕೂರುವ ಬದಲು ಎದ್ದು ರೋಗಿಯ ಸುತ್ತ ಒಂದು ಸಲ ಓಡಾಡು. ಪಂಪಿನಲ್ಲಿ ಔಷಧಿ ಎಷ್ಟು ಉಳಿದಿದೆ, ಉಸಿರಿನ ಟ್ಯೂಬ್ ಎಷ್ಟನೇ ಗುರುತಿನಲ್ಲಿದೆ, ತಲೆಯ ಕಡೆ 30 ಡಿಗ್ರಿ ಎತ್ತರ ಇದೆಯಾ ಅಂತ ನೋಡು. ರೌಂಡ್ಸ್ ಸಮಯದಲ್ಲಿ ಡಾಕ್ಟರನ್ನು ಕೇಳಲು ನಾಚಿಕೆ ಬೇಡ. ಸರಿಯಾದ ಪ್ರಶ್ನೆ ಕೇಳುವ ಸಿಸ್ಟರಿಗೆ ಹೇಳಿಕೊಡದೆ ಹೋದ ಡಾಕ್ಟರು ನನಗೆ ಸಿಕ್ಕಿದ್ದು ಕಡಿಮೆ.

ಹೃದಯ ನಿಂತವರನ್ನು ಉಳಿಸುವ ತರಬೇತಿಯ ಬಿಎಲ್ಎಸ್, ಎಸಿಎಲ್ಎಸ್ ಕಾರ್ಡು ಎರಡು ವರ್ಷಕ್ಕೆ ಮುಗಿಯುತ್ತೆ, ದಿನಾಂಕ ನೋಡಿಕೋ. ನರ್ಸ್ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಐದು ವರ್ಷದಲ್ಲಿ 150 ಗಂಟೆ ಕಲಿಕೆ ತೋರಿಸಬೇಕು. ಹೋದ ಪ್ರತಿ ವರ್ಕ್‌ಶಾಪಿನ ಸರ್ಟಿಫಿಕೇಟ್ ಒಂದೇ ಫೈಲಿನಲ್ಲಿ ಇಡು. ಐರ್ಲೆಂಡಿಗೆ ಹೋಗಲಿ ಅಂತ ಯಾರೋ ಬರೆದಿದ್ದರು. ಹೋಗಬೇಕು ಅನ್ನಿಸಿದರೆ ಆಮೇಲೆ ಹೋಗಲಿ, ಅಲ್ಲಿಯೂ ಕೇಳುವುದು ಐಸಿಯು ಅನುಭವವನ್ನೇ. ಅದನ್ನು ಇವತ್ತು ಎಳೆಯುವುದು ಬೇಡ.

ಇನ್ನು ಮನೆಯವರಿಗೆ. ಅಕ್ಕ, ಇದು ನಿನಗೆ. ಕೆಲಸ, ಓದು ಎರಡೂ ಒಟ್ಟಿಗೆ ಆಗುತ್ತಾ ಅಂತ ಕೇಳಿದಿರಿ. ಅದರ ಅರ್ಧ ಉತ್ತರ ನಿಮ್ಮ ಕೈಯಲ್ಲಿದೆ. ನೈಟ್ ಮುಗಿಸಿ ಬಂದವಳು ಬೆಳಗ್ಗೆ ಒಂಬತ್ತೂವರೆಗೆ ಮಲಗಿದರೆ ನಮ್ಮ ಮನೆಗಳಲ್ಲಿ ಹನ್ನೊಂದಕ್ಕೆ ಯಾರೋ ಎಬ್ಬಿಸುತ್ತಾರೆ. ನೆಂಟರು ಬಂದಿದ್ದಾರೆ, ಒಂದು ನಿಮಿಷ ಬಂದು ಮಾತಾಡಿಸಿ ಹೋಗು ಅಂತ. ಆ ಒಂದು ನಿಮಿಷಕ್ಕೆ ಎದ್ದರೆ ಮತ್ತೆ ನಿದ್ದೆ ಹತ್ತಲ್ಲ. ಅದೇ ರಾತ್ರಿ ಅವಳು ಮತ್ತೆ ಡ್ಯೂಟಿಗೆ ಹೋಗಿ ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕ ಹಾಕಬೇಕು. ದಪ್ಪ ಕರ್ಟನ್ ಒಂದು ಹಾಕಿಸಿಕೊಡಿ. ಅವಳ ರೋಸ್ಟರ್ ಫ್ರಿಜ್ ಮೇಲೆ ಅಂಟಿಸಿ. ನೈಟ್ ಮುಗಿಸಿ ಸ್ಕೂಟರ್ ಓಡಿಸಿಕೊಂಡು ಬರುವುದು ಬೇಡ, ಭಾವ, ಆ ದಿನಗಳಲ್ಲಿ ನೀವೇ ಹೋಗಿ ಕರೆದುಕೊಂಡು ಬನ್ನಿ. ಮದುವೆ, ಗೃಹಪ್ರವೇಶಕ್ಕೆ ಅವಳು ಬರದಿದ್ದರೆ ಯಾರೂ ಕೊಂಕು ಮಾತಾಡಬೇಡಿ. ಯಾರ ಮನೆಯವರೋ ಉಸಿರಿಗಾಗಿ ಒದ್ದಾಡುತ್ತಿರುವಾಗ ಅವಳು ಅಲ್ಲಿರುತ್ತಾಳೆ. ಅವಳ ಮದುವೆ ಮಾತು ಈಗ ತೆಗೆದರೆ, ಹುಡುಗನ ಕಡೆಯವರಿಗೆ ನೈಟ್ ಡ್ಯೂಟಿ, ಓದು ಎರಡೂ ಇದೆ ಅಂತ ಮೊದಲೇ ಹೇಳಿ. ಮುಚ್ಚಿಟ್ಟು ಮಾಡುವುದು ಬೇಡ.

ಪುಟ್ಟಿ, ಒಂದು ಮಾತು ನಿನಗೆ ಮಾತ್ರ, ಆದರೆ ಎಲ್ಲರೂ ಕೇಳಲಿ. ಐಸಿಯುನಲ್ಲಿ ಸಾವು ಹತ್ತಿರದಿಂದ ನೋಡುತ್ತೀಯ. ಅಂಥ ದಿನ ಓದಬೇಡ. ಊಟ ಮಾಡು, ಯಾರ ಜೊತೆಯಾದರೂ ಮಾತಾಡು. ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಇದ್ದರೂ ಅಷ್ಟೇ.

ಮುಂದಿನ ತಿಂಗಳ ರೋಸ್ಟರ್ ಬಂದ ತಕ್ಷಣ ನನಗೆ ಕಳಿಸು. ನಿನಗೂ ನನಗೂ ಒಟ್ಟಿಗೆ ಆಫ್ ಬಂದ ದಿನ ಎನ್‌ಪಿಸಿಸಿ ಎಲ್ಲೆಲ್ಲಿ ಇದೆ ಅಂತ ಇಬ್ಬರೂ ಕೂತು ನೋಡೋಣ. ಅಷ್ಟರೊಳಗೆ ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹತ್ತಿರ, ಆಸ್ಪತ್ರೆಯಿಂದಲೇ ಕಳಿಸುವ ಏರ್ಪಾಡು ಏನಾದರೂ ಇದೆಯಾ ಅಂತ ಕೇಳಿಟ್ಟಿರು. ಭಾವ, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಬಿಎಸ್ಸಿ ಮಾರ್ಕ್ಸ್‌ಕಾರ್ಡು, ಅನುಭವದ ಪತ್ರ, ಮೂರನ್ನೂ ಸ್ಕ್ಯಾನ್ ಮಾಡಿ ಅವಳಿಗೆ ಹಾಕಿಡಿ. ನನಗೆ ಇವತ್ತು ಮಧ್ಯಾಹ್ನದ ಡ್ಯೂಟಿ ಇದೆ, ಹೊರಡುತ್ತೇನೆ. ಏನಾದರೂ ಕೇಳುವುದಿದ್ದರೆ ಇಲ್ಲೇ ಹಾಕಿ, ರಾತ್ರಿ ಬಂದು ನೋಡುತ್ತೇನೆ.