ಬ್ಯಾಟರಿ ಖಾಲಿಯಾದರೂ ರೀಡಿಂಗ್ 512 ಬಿಟ್ಟು ಅಲ್ಲಾಡ್ತಿಲ್ಲ, ಯಾಕೆ?

ತೋಟದಮನೆ:
ನಮಸ್ಕಾರ. ಸಾಗರದ ಹತ್ತಿರ ನಮ್ಮ ಅಡಿಕೆ ತೋಟ. ಗುಡ್ಡದ ಮೇಲಿನ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿ, ನೀರು ತುಂಬಿದ ಕೂಡಲೇ ಬಜರ್ ಕೂಗುವ ಹಾಗೆ ಒಂದು ಡಬ್ಬಿ ಮಾಡಿದ್ದೇನೆ. ಒಳಗಿರುವುದು ಆರ್ಡುಯಿನೋ ಪ್ರೊ ಮಿನಿ ಅನ್ನೋ ಪುಟ್ಟ ಪ್ರೋಗ್ರಾಂ ಬೋರ್ಡ್, 3.3 ವೋಲ್ಟಿನದ್ದು. ಒಂದು 18650 ಲಿಥಿಯಂ ಸೆಲ್ ನೇರವಾಗಿ ವಿಸಿಸಿ ಪಿನ್ನಿಗೆ, ಅಂದರೆ ಚಿಪ್ಪಿಗೆ ಕರೆಂಟ್ ಹೋಗುವ ಪಿನ್ನಿಗೆ. ಬ್ಯಾಟರಿ ಎಷ್ಟಿದೆ ನೋಡೋಣ ಅಂತ 100 ಕೆ ರೆಸಿಸ್ಟರ್ ಎರಡು ಹಾಕಿ, ಬ್ಯಾಟರಿಯ ಅರ್ಧ ವೋಲ್ಟೇಜ್ ಸಿಗುವ ಮಧ್ಯದಿಂದ ಅಳತೆಯ ಎ0 ಪಿನ್ನಿಗೆ ವೈರ್ ಕೊಟ್ಟೆ. ಚಾರ್ಜ್ ಪೂರ್ತಿ ಇದ್ದಾಗ 512 ಬಂತು. ವಾರ ಬಿಟ್ಟು ನೋಡಿದರೆ 511. ಮೊನ್ನೆ ಬಜರ್ ಕೂಗಲಿಲ್ಲ, ನೀರೆಲ್ಲ ಹರಿದು ಹೋಯಿತು. ಮೀಟರ್ ಹಿಡಿದರೆ ಸೆಲ್ 2.61 ವೋಲ್ಟ್! ಪ್ರೋಗ್ರಾಂನಲ್ಲಿ ತಪ್ಪೋ, ರೆಸಿಸ್ಟರ್ ಹಾಳೋ ಗೊತ್ತಾಗುತ್ತಿಲ್ಲ.

ಸೋಲ್ಡರ್ ಹೊಗೆ:
ರೆಸಿಸ್ಟರ್ ಸರಿಯಾಗೇ ಇದೆ, ಪ್ರೋಗ್ರಾಂ ಕೂಡ. ಅಕ್ಕಿ ಕಮ್ಮಿಯಾದ ಹಾಗೆ ಅಳೆಯುವ ಸೇರೂ ಸಣ್ಣದಾಗುತ್ತಾ ಹೋದರೆ ಲೆಕ್ಕ ಯಾವಾಗಲೂ ಅಷ್ಟೇ ಬರುತ್ತದೆ ಅಲ್ವಾ? ಅದೇ ಆಗಿರುವುದು. ಬೇರೆ ಏನೂ ಹೇಳದಿದ್ದರೆ ಚಿಪ್ ತನ್ನ ವಿಸಿಸಿಯನ್ನೇ ಪೂರ್ತಿ ಅಳತೆ, ಅಂದರೆ 1023 ಅಂತ ಇಟ್ಟುಕೊಳ್ಳುತ್ತದೆ. ನಿಮ್ಮ ವಿಸಿಸಿ ಅಂದರೆ ಬ್ಯಾಟರಿಯೇ. ಅದರ ಅರ್ಧವನ್ನು ಅದರಿಂದಲೇ ಅಳೆದರೆ 512 ಬಿಟ್ಟು ಇನ್ನೇನು ಬರಬೇಕು ಮಾರಾಯ್ರೆ.

ರಾ ಪಿನ್:
ಬ್ಯಾಟರಿಯನ್ನು ರಾ ಪಿನ್ನಿಗೆ ಕೊಡಿ, ಬೋರ್ಡಿನಲ್ಲಿರುವ ರೆಗ್ಯುಲೇಟರ್ ವಿಸಿಸಿಯನ್ನು 3.3ಕ್ಕೇ ಹಿಡಿದುಕೊಳ್ಳುತ್ತೆ, ಮುಗೀತು.

ಸೋಲ್ಡರ್ ಹೊಗೆ:
ಮುಗಿಯಲ್ಲ ಗುರು. ಬ್ಯಾಟರಿ 3.4ರ ಆಸುಪಾಸಿಗೆ ಇಳಿದ ಮೇಲೆ ರೆಗ್ಯುಲೇಟರೂ ಜೊತೆಗೇ ಇಳಿಯುತ್ತೆ. ನಮಗೆ ಎಚ್ಚರಿಕೆ ಬೇಕಾಗಿರುವುದೇ ಆ ಹೊತ್ತಿಗೆ.

ತೋಟದಮನೆಯವರೇ, ಚಿಪ್ಪಿನ ಒಳಗೇ 1.1 ವೋಲ್ಟಿನ ರೆಫರೆನ್ಸ್ (ಸ್ಥಿರ ವೋಲ್ಟ್) ಇದೆ, ಬ್ಯಾಟರಿ ಇಳಿದರೂ ಅದು ಹೆಚ್ಚುಕಮ್ಮಿ ಆಗುವುದಿಲ್ಲ. ಉಲ್ಟಾ ಮಾಡಿ. ವಿಸಿಸಿಯನ್ನು ಅಳತೆಗೋಲು ಮಾಡಿಕೊಂಡು ಈ 1.1ನ್ನೇ ಅಳೆಯಿರಿ. 4.2 ವೋಲ್ಟ್ ಇದ್ದಾಗ ಸುಮಾರು 268 ಬರುತ್ತದೆ, 3.3ಕ್ಕೆ ಇಳಿದಾಗ 341. ಬ್ಯಾಟರಿ ಇಳಿದಷ್ಟೂ ಅಂಕಿ ಏರುತ್ತದೆ, ಗಾಬರಿ ಬೇಡ. 1126400ನ್ನು (1.1 × 1024 × 1000) ಆ ಅಂಕಿಯಿಂದ ಭಾಗಿಸಿದರೆ ಮಿಲಿವೋಲ್ಟ್ ಸಿಗುತ್ತದೆ. ಅಳತೆಯ ಚಾನೆಲ್ಲನ್ನು ಆ 1.1ಕ್ಕೆ ಬದಲಿಸಿದ ಮೇಲೆ ಎರಡು ಮಿಲಿಸೆಕೆಂಡ್ ಕಾಯಿರಿ, ಮೊದಲ ರೀಡಿಂಗ್ ಬಿಸಾಕಿ. ಇನ್ನೊಂದು, ಆ 1.1 ಅನ್ನೋದು ಹೆಸರಿಗೆ ಮಾತ್ರ, ಒಂದೊಂದು ಚಿಪ್ಪಿನಲ್ಲಿ 1.0ರಿಂದ 1.2ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮೀಟರ್ ಇಟ್ಟು ಒಂದು ಸಲ ಹೊಂದಿಸಿಕೊಳ್ಳಿ. ಆ ರೆಸಿಸ್ಟರ್ ಎರಡನ್ನೂ ಕಿತ್ತುಬಿಡಿ, ಸುಮ್ನೆ ಹಗಲೂ ರಾತ್ರಿ 20 ಮೈಕ್ರೋ ಆಂಪ್ ಕುಡಿಯುತ್ತಿವೆ.

ಹಳೇ ಸೆಲ್:
ಒಂದು ಮಾತು. ಬಜರ್ ಕೂಗುವಾಗ ಅಳೆಯಬೇಡಿ, ಲೋಡ್ ಬಿದ್ದಾಗ ವೋಲ್ಟ್ ಕುಸಿಯುತ್ತದೆ. ಚಾರ್ಜಿಗೆ ಹಾಕಿದಾಗಲೂ ಬೇಡ, ಜಾಸ್ತಿ ತೋರಿಸುತ್ತದೆ. 3.0ರಿಂದ 4.2ನ್ನು ಸಮವಾಗಿ ಹಂಚಿ ಶೇಕಡಾ ತೋರಿಸುವ ಆಸೆಯೂ ಬೇಡ. ನಡುವಿನಲ್ಲಿ ನಿಧಾನಕ್ಕೆ ಇಳಿದು, ಕೊನೆಯಲ್ಲಿ ದಡಕ್ಕನೆ ಬೀಳುತ್ತದೆ. 3.5ಕ್ಕೆ ಒಂದು ಎಚ್ಚರಿಕೆ ಇಟ್ಟರೆ ತೋಟಕ್ಕೆ ಸಾಕು. ಶೇಕಡಾ ಬೇಕೇ ಬೇಕು ಅಂದರೆ ಮ್ಯಾಕ್ಸ್ 17048 ಅಂತ ಪುಟ್ಟ ಚಿಪ್ ಇದೆ, ಅದು ಇರುವುದೇ ಈ ಕೆಲಸಕ್ಕೆ. 2.61ಕ್ಕೆ ಇಳಿದ ಆ ಸೆಲ್ಲನ್ನು ಕಣ್ಣೆದುರಿಗೇ ಇಟ್ಟು ಚಾರ್ಜ್ ಮಾಡಿ. ಬಿಸಿಯಾದರೆ ಆಸೆ ಬಿಡಿ.

ತೋಟದಮನೆ:
ಆಯ್ತು! ಮೀಟರಿನಲ್ಲಿ 3.94 ಇದ್ದರೆ ಬೋರ್ಡ್ 4.11 ಅನ್ನುತ್ತಿತ್ತು. 1.1ರ ಬದಲು 1.054 ಹಾಕಿದೆ, ಈಗ ಎರಡೂ ಒಂದೇ. ಪ್ರೋಗ್ರಾಂ ಹಾಕುವ ಯುಎಸ್‌ಬಿ ಬೋರ್ಡಿನ ವಿಸಿಸಿ ವೈರ್ ಬಿಚ್ಚದೇ ಅರ್ಧ ಗಂಟೆ ಲ್ಯಾಪ್‌ಟಾಪಿನ ವೋಲ್ಟನ್ನೇ ಅಳೆಯುತ್ತಾ ಕೂತಿದ್ದೆ, ಅದು ಬೇರೆ ಕಥೆ. 3.5ಕ್ಕೆ ಬಜರ್ ಎರಡು ಸಲ ಚಿಕ್ಕದಾಗಿ ಕೂಗುವ ಹಾಗೆ ಇಟ್ಟು, ಸೆಲ್ಲನ್ನು ಬೇಕಂತಲೇ ಇಳಿಸಿ ಪರೀಕ್ಷೆ ಮಾಡಿದೆ. ಕೂಗಿತು. ಅಪ್ಪ ಟ್ಯಾಂಕ್ ತುಂಬಿತು ಅಂದುಕೊಂಡು ಹೋಗಿ ಪಂಪ್ ಆಫ್ ಮಾಡಿ ಬಂದರು.