ಬಾಣಲೆಗೆ ಬೆಂಕಿ ಹತ್ತಿದಾಗ ನನ್ನ ತೈಚಿ ಎಲ್ಲಿ ಹೋಗಿತ್ತು?

ನಿಧಾನಿ:

ಎರಡು ವರ್ಷದಿಂದ ತೈಚಿ ಮಾಡುತ್ತಿದ್ದೇನೆ, ನಿಧಾನ ಚಲನೆಯ ಚೀನೀ ಸಮರಕಲೆ. ದಿನಾ ಬೆಳಿಗ್ಗೆ ಅರ್ಧ ಗಂಟೆ, ಯಾಂಗ್ ಶೈಲಿಯ 24 ಭಂಗಿಗಳ ಸರಣಿ. ಮನಸ್ಸು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಕಳೆದ ವಾರ ಒಲೆ ಮೇಲಿದ್ದ ಎಣ್ಣೆಗೆ ಬೆಂಕಿ ಹತ್ತಿತು. ಫೋನ್ ಬಂತು ಅಂತ ಆಚೆ ಹೋಗಿದ್ದೆ, ತಪ್ಪು ನನ್ನದೇ. ವಾಪಸ್ ಬಂದು ನೋಡಿದರೆ ಬಾಣಲೆ ಮೇಲೆ ಮೊಳದುದ್ದ ಉರಿ. ಗರ ಬಡಿದವನ ಹಾಗೆ ನಿಂತುಬಿಟ್ಟೆ. ಆಮೇಲೆ ಕೈ ತಾನಾಗಿಯೇ ನೀರಿನ ಪಾತ್ರೆ ಕಡೆ ಹೋಯಿತು! ಹೆಂಡತಿ ಕಿರುಚಿದ್ದಕ್ಕೆ ಬಚಾವ್. ಅವಳೇ ಒಲೆ ಆರಿಸಿ, ಬಾಣಲೆ ಮೇಲೆ ದೊಡ್ಡ ತಟ್ಟೆ ಮುಚ್ಚಿದಳು. ಅವಳು ಒಂದು ದಿನವೂ ತೈಚಿ ಮಾಡಿದವಳಲ್ಲ.

ತೈಚಿಯಂಥ ಒಳ ಶೈಲಿ, ಅಂದರೆ ತೋಳ್ಬಲಕ್ಕಿಂತ ಉಸಿರು, ಮನಸ್ಸಿಗೆ ಒತ್ತು ಕೊಡುವ ಸಮರಕಲೆ ಕಲಿತರೆ ಆಪತ್ತಿನಲ್ಲಿ ಗಾಬರಿ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಸುಮ್ನೆ ಮಾತಾ? ಅಥವಾ ನಾನೇ ಏನೋ ತಪ್ಪು ಮಾಡುತ್ತಿದ್ದೇನಾ?

ರಾತ್ರಿಪಾಳಿ:

ಒಂಬತ್ತು ವರ್ಷ ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡಿದ್ದೇನೆ. ಯಾವ ಕುಸ್ತಿ, ಕರಾಟೆಯೂ ಗೊತ್ತಿಲ್ಲ. ನಿಮ್ಮ ಹೆಂಡತಿ ಹೆದರಲಿಲ್ಲ ಅಂತಲ್ಲ, ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಅಷ್ಟೇ ವ್ಯತ್ಯಾಸ. ಉರಿಯುವ ಎಣ್ಣೆಗೆ ನೀರು ಸುರಿದರೆ ಅದು ತಳಕ್ಕಿಳಿದು ಒಂದೇ ಏಟಿಗೆ ಆವಿಯಾಗುತ್ತದೆ, ಸುಮಾರು 1700 ಪಟ್ಟು ಹಿಗ್ಗುತ್ತದೆ, ಎಣ್ಣೆಯನ್ನು ಚಾವಣಿವರೆಗೆ ಎಸೆಯುತ್ತದೆ. ಇದು ಮೊದಲೇ ತಲೆಯಲ್ಲಿ ಇರಬೇಕು. ಉಸಿರಾಟ ಕಲಿತರೆ ಇದು ಬರುವುದಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗಬಾರದು ನೋಡಿ.

ಹಳೇಚಪ್ಪಲಿ:

ರಾತ್ರಿಪಾಳಿಯವರ ಮಾತು ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಸ್ವಲ್ಪ ಉದ್ದ ಬರೆಯಬೇಕು, ಸಹಿಸಿಕೊಳ್ಳಿ. ನಾನು ತೈಚಿ ಹಿಡಿದು ಹದಿನಾಲ್ಕು ವರ್ಷ ಆಯಿತು.

ಮೊದಲು ಒಂದು ವಿಷಯ. ಬೆಚ್ಚಿಬೀಳುವುದನ್ನು ಯಾವ ಗುರುವೂ ತಪ್ಪಿಸಲಾರ. ದೊಡ್ಡ ಸದ್ದಾದರೆ ಕಣ್ಣು ಮುಚ್ಚುತ್ತದೆ, ಕುತ್ತಿಗೆ ಒಳಗೆ ಹೋಗುತ್ತದೆ, ಭುಜ ಮೇಲೇಳುತ್ತದೆ, ಉಸಿರು ಕಟ್ಟುತ್ತದೆ. ಇದು ಶುರುವಾಗುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಯೋಚನೆ ಆಮೇಲೆ ಬರುತ್ತದೆ. ನಮಗೆ ಕಲಿಸಿದವರು ಬಾಗಿಲು ಬಡಿದುಕೊಂಡರೆ ಈಗಲೂ ಬೆಚ್ಚುತ್ತಾರೆ. ಆದರೆ ಮೇಲೆದ್ದ ಅವರ ಭುಜ ಆಗಲೇ ಕೆಳಗಿಳಿದಿರುತ್ತದೆ. ನಮ್ಮದು ಇನ್ನೂ ಕಿವಿ ಹತ್ತಿರವೇ ಇರುತ್ತದೆ. ಅಭ್ಯಾಸದಿಂದ ಬದಲಾಗುವುದು ಈ ಅಂತರ ಮಾತ್ರ.

ಇದು ನನಗೆ ಗೊತ್ತಾಗಿದ್ದು ತುಯ್‌ಶೌನಲ್ಲಿ, ಅಂದರೆ ಇಬ್ಬರು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ತಳ್ಳಾಡುವ ಅಭ್ಯಾಸದಲ್ಲಿ. ನನಗೆ ಜೊತೆಯಾಗಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು. ನಾನು ತಳ್ಳಿದರೆ ಅಲ್ಲಿ ಏನೂ ಸಿಗುತ್ತಿರಲಿಲ್ಲ, ಕತ್ತಲಲ್ಲಿ ಇಲ್ಲದ ಮೆಟ್ಟಿಲು ತುಳಿದ ಹಾಗೆ. ಮುಗ್ಗರಿಸುತ್ತಿದ್ದೆ. ಪ್ರತಿ ಸಲ ಉಸಿರು ಕಟ್ಟುತ್ತಿತ್ತು. ಅವರು ಒಂದೇ ಬೆರಳಿಂದ ನನ್ನ ಭುಜ ತಟ್ಟಿ, 'ಇದನ್ನ ಯಾಕೆ ಇಲ್ಲಿ ನೇತುಹಾಕಿದ್ದೀರಿ?' ಅಂತ ಕೇಳುತ್ತಿದ್ದರು. ಸುಮಾರು ಎಂಟು ತಿಂಗಳು ಇದೇ ಪ್ರಶ್ನೆ. ಸಿಟ್ಟೂ ಬರುತ್ತಿತ್ತು. ಒಂದು ದಿನ ಅವರ ಬೆರಳು ಬರುವ ಮೊದಲೇ ಭುಜ ಇಳಿಯಿತು. ಇದಕ್ಕೆ ಚೀನಿಯರು 'ಸೊಂಗ್' ಅನ್ನುತ್ತಾರೆ. ಜೋತುಬೀಳುವುದಲ್ಲ, ಬೇಡದ ಬಿಗಿ ಬಿಡುವುದು.

ನೀವು ಮಾಡುವ 24 ಭಂಗಿಗಳ ಸರಣಿ 1956ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಸಮಿತಿ ಜನರ ಆರೋಗ್ಯಕ್ಕಾಗಿ ಮಾಡಿಸಿದ್ದು. ಒಳ್ಳೆಯದೇ. ಆದರೆ ಒಬ್ಬರೇ ಮಾಡುವಾಗ ಮುಂದಿನ ಹೆಜ್ಜೆ ಯಾವುದು ಅಂತ ಮೊದಲೇ ಗೊತ್ತಿರುತ್ತದೆ, ಅಲ್ವಾ? ಹಾಗಿದ್ದಾಗ ಬೆಚ್ಚುವುದಕ್ಕೆ ಏನಿದೆ?

ಜೊತೆ ಸಿಗದಿದ್ದರೆ ನಿಲ್ಲುವ ಅಭ್ಯಾಸ ಮಾಡಿ, ಝಾನ್ ಝುವಾಂಗ್. ಮರ ತಬ್ಬಿದ ಹಾಗೆ ಕೈ ಎತ್ತಿ ಸುಮ್ನೆ ನಿಲ್ಲುವುದು. ವಾಂಗ್ ಶಿಯಾಂಗ್‌ಝಾಯ್ ಅನ್ನುವವರು 1920ರ ದಶಕದಲ್ಲಿ ಸರಣಿಗಳನ್ನೇ ಪಕ್ಕಕ್ಕಿಟ್ಟು, ಇದನ್ನೇ ನಡುವಿಗಿಟ್ಟುಕೊಂಡು ಯಿಚುವಾನ್ ಅನ್ನುವ ಸಮರಕಲೆ ಕಟ್ಟಿದರು. ಐದನೇ ನಿಮಿಷಕ್ಕೆ ಭುಜ ಉರಿಯುತ್ತದೆ. 'ಸಾಕು, ಕೈ ಇಳಿಸು' ಅಂತ ಒಳಗಿಂದ ಕೂಗು. ಅದೂ ಒಂದು ಚಿಕ್ಕ ಗಾಬರಿಯೇ. ಆಗ ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ಸ್ವಲ್ಪ ನಿಧಾನವಾಗುತ್ತದೆ.

ಆಪತ್ತಿನಲ್ಲಿ ಕೆಲಸಕ್ಕೆ ಬಂತಾ ಅಂದರೆ, ಒಂದು ಸಲ ಬಂತು. ರಾತ್ರಿ ಮಳೆಯಲ್ಲಿ ತಿರುವಿನಲ್ಲಿ ಕಾರು ಜಾರಿತು. ಭುಜ ಎದ್ದಿತು, ಬಲಗಾಲು ಬ್ರೇಕ್ ತುಳಿಯಲು ಹೊರಟಿತು. ಅಷ್ಟರಲ್ಲಿ ಭುಜ ಇಳಿಯಿತು, ಉಸಿರು ಹೊರಗೆ ಹೋಯಿತು, ರಸ್ತೆ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ತಡೆಗೋಡೆ ಮಾತ್ರ ಕಾಣುತ್ತಿತ್ತು. ಆಕ್ಸಿಲರೇಟರ್ ಬಿಟ್ಟು, ರಸ್ತೆ ಕಡೆ ನೋಡುತ್ತಾ ಸ್ಟೀರಿಂಗ್ ಹಿಡಿದೆ. ಎಲ್ಲ ಸೇರಿ ಎರಡು ಸೆಕೆಂಡ್ ಇರಬಹುದು. ಗಾಡಿ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಕೈ ನಡುಗಿತು, ಅದು ಬೇರೆ ಮಾತು.

ಅಪ್ಪ ಬಿದ್ದರು ಅಂತ ಫೋನ್ ಬಂದ ದಿನ ಯಾವುದೂ ಬರಲಿಲ್ಲ. ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ ಹಾಕಿಕೊಂಡು ಓಡಿದ್ದೆ. ಇಲ್ಲಿ ನನ್ನ ಹೆಸರು ಬಂದಿದ್ದು ಹಾಗೆ.

ಐದೇಏಟು:

ನಾನು ಶಿಂಗ್‌ಯಿ ಕಲಿಯುವವನು, ಅದೂ ತೈಚಿ ಹಾಗೆ ಚೀನಾದ ಒಂದು ಒಳ ಶೈಲಿ. ನಮ್ಮಲ್ಲಿ ಮುಖ್ಯವಾಗಿ ಐದೇ ಮುಷ್ಟಿ. ಸೀಳು, ಕೊರೆ, ನುಗ್ಗು, ಸಿಡಿ, ಅಡ್ಡ. ಮೊದಲ ವರ್ಷ ಬರೀ ಒಂದನ್ನೇ ಮಾಡಿಸಿದರು, ತಲೆ ಚಿಟ್ಟು ಹಿಡಿಯಿತು. ಆದರೆ ಆಯ್ಕೆ ಕಡಿಮೆ ಇದ್ದರೆ ತಡವರಿಸುವುದೂ ಕಡಿಮೆ. ತಟ್ಟೆ ಮುಚ್ಚಬೇಕು ಅನ್ನುವುದೂ ಅಂಥದ್ದೇ ಒಂದು ಏಟು.

ರಾತ್ರಿಪಾಳಿ:

@ಹಳೇಚಪ್ಪಲಿ, 'ತಡೆಗೋಡೆ ಮಾತ್ರ ಕಾಣುತ್ತಿತ್ತು' ಅಂದಿರಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಹೊಸದರಲ್ಲಿ ನನಗೂ ರಕ್ತ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಮ್ಮ ಹಿರಿಯರೊಬ್ಬರು ಗಾಡಿಯಿಂದ ಇಳಿಯುವ ಮೊದಲು ಒಂದು ಉಸಿರು ಬಿಡು ಅನ್ನುತ್ತಿದ್ದರು. ಆಗ ನಗು ಬರುತ್ತಿತ್ತು. ಇರಲಿ, ಮುಕ್ಕಾಲು ಒಪ್ಪಿದೆ.

ನಿಧಾನಿ:

ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಯನ್ನೇ ತುಯ್‌ಶೌಗೆ ಜೊತೆ ಮಾಡಿಕೊಂಡಿದ್ದೇನೆ. ನಮಗಿಬ್ಬರಿಗೂ ಸರಿಯಾಗಿ ಬರುವುದಿಲ್ಲ, ಆದರೆ ನನ್ನನ್ನು ತಳ್ಳುವುದರಲ್ಲಿ ಅವಳಿಗೆ ಜಾಸ್ತಿ ಖುಷಿ. ಮೂರು ದಿನದಲ್ಲಿ ಹನ್ನೊಂದು ಸಲ ಭುಜ ಕಿವಿ ಹತ್ತಿರ ಹೋಗಿದೆ, ಲೆಕ್ಕ ಅವಳೇ ಬರೆದಿಟ್ಟಿದ್ದಾಳೆ. ತಟ್ಟೆಗೆ ಒಲೆ ಪಕ್ಕದಲ್ಲೇ ಮೊಳೆ ಹೊಡೆದು ಜಾಗ ಮಾಡಿದ್ದೇವೆ.

ಒಂದು ಅನುಮಾನ. ನಿಲ್ಲುವ ಅಭ್ಯಾಸದಲ್ಲಿ ಮಂಡಿ ನೋಯುತ್ತಿದೆ. ಎಷ್ಟು ಬಗ್ಗಿಸಬೇಕು?

ಹಳೇಚಪ್ಪಲಿ:

ಮಂಡಿ ಬೀಗ ಹಾಕಿದ ಹಾಗೆ ಇರಬಾರದು, ಅಷ್ಟು ಬಗ್ಗಿದರೆ ಸಾಕು. ಭುಜ ಉರಿದರೆ ಪರವಾಗಿಲ್ಲ, ಮಂಡಿ ನೋಯಬಾರದು. ಇನ್ನೂ ಎತ್ತರಕ್ಕೆ ನಿಲ್ಲಿ. ಮೊದಲ ವಾರ ಮೂರೇ ನಿಮಿಷ.