ಜಾದೂ ಮಾಡುವಾಗ ಮಂತ್ರದಂಡ ಬೇಕೇ, ಬೇಡವೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಮಲೆನಾಡಿನ ಒಬ್ಬ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎರಡು ವರ್ಷಗಳಿಂದ ಮಕ್ಕಳಿಗಾಗಿ ಜಾದೂ ಕಲಿಯುತ್ತಿದ್ದೇನೆ. ಕತ್ತರಿಸಿದ ಹಗ್ಗ ಕೂಡಿಸುವುದು, ಬಣ್ಣ ಬದಲಾಗುವ ಕರವಸ್ತ್ರ, ಮೂರು ಬಟ್ಟಲು ಮತ್ತು ಚೆಂಡುಗಳ ಆಟ, ಇಷ್ಟು ಬರುತ್ತದೆ. ಮುಂದಿನ ತಿಂಗಳ ವಾರ್ಷಿಕೋತ್ಸವದಲ್ಲಿ 20 ನಿಮಿಷ ಕೊಟ್ಟಿದ್ದಾರೆ.

ನನ್ನ ಕಷ್ಟ ಮಂತ್ರದಂಡದ್ದು. ಜಾದೂ ಪೆಟ್ಟಿಗೆಯ ಜೊತೆ ಬಂದ ಪ್ಲಾಸ್ಟಿಕ್ ಕೋಲು, ಕಪ್ಪು ಮೈ, ಎರಡೂ ತುದಿ ಬಿಳಿ. ಕೈಯಲ್ಲಿ ಹಿಡಿದರೆ ಏನು ಮಾಡಬೇಕೆಂದು ತೋಚದೆ ಬೀಸುತ್ತಲೇ ಇರುತ್ತೇನೆ. ಇಟ್ಟುಬಿಟ್ಟರೆ ಕೈ ಬರಿದೆನಿಸುತ್ತದೆ. ಕಳೆದ ವಾರ ತರಗತಿಯಲ್ಲಿ ಮಾಡಿ ತೋರಿಸುವಾಗ ಐದನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಆ ಕೋಲಿನ ಒಳಗೆ ಏನೋ ಇದೆ" ಎಂದ. ಅಲ್ಲಿಂದ ಮುಂದೆ ಎಲ್ಲ ಮಕ್ಕಳೂ ಬಟ್ಟಲು ಬಿಟ್ಟು ಕೋಲನ್ನೇ ನೋಡತೊಡಗಿದರು. ಇಟ್ಟುಕೊಳ್ಳಲೇ, ಬಿಟ್ಟುಬಿಡಲೇ?

ಉತ್ತರ ಕರ್ನಾಟಕದಲ್ಲಿ 31 ವರ್ಷಗಳಿಂದ ಪ್ರದರ್ಶನ ಕೊಡುತ್ತಿರುವವರು

ಮೇಡಂ, ಕೋಲನ್ನು ಬಿಡಬೇಡಿ. ಬೀಸುವುದನ್ನು ಮಾತ್ರ ಇಂದೇ ಬಿಡಿ.

ನನ್ನ ಮೊದಲ ವರ್ಷಗಳ ತಪ್ಪೂ ಇದೇ. ಒಂದು ಜಾತ್ರೆಯ ಪ್ರದರ್ಶನವನ್ನು ಗೆಳೆಯರು ವಿಡಿಯೊ ಮಾಡಿದ್ದರು. ಮನೆಗೆ ಬಂದು ನೋಡುತ್ತಾ ಎಣಿಸಿದೆ. ಅರ್ಧ ಗಂಟೆಯಲ್ಲಿ 41 ಸಲ ಕೋಲು ಬೀಸಿದ್ದೆ. ಏನಾದರೂ ಮಾಯವಾದದ್ದು ಅಥವಾ ಬದಲಾದದ್ದು ಐದೇ ಸಲ. ಮಂತ್ರಕ್ಕಿಂತ ಉಗುಳು ಹೆಚ್ಚು ಎನ್ನುವುದು ಇದಕ್ಕೇ. ಮಿಕ್ಕ 36 ಸಲ ಜನ ಏನೋ ಆಗುತ್ತದೆಂದು ಕಾದಿದ್ದರು, ಏನೂ ಆಗಿರಲಿಲ್ಲ. ಹಾಗೆ ಕಾದು ಸೋತ ಕಣ್ಣು ಬೇರೆ ಕಡೆ ಹುಡುಕಾಟಕ್ಕೆ ಹೊರಡುತ್ತದೆ.

ಕೋಲಿನ ಕೆಲಸ ಏನೆಂದು ನಾನು ತಿಳಿದದ್ದು ಆಮೇಲೆ. ಚೆಂಡನ್ನು ಅಂಗೈಯಲ್ಲಿ ಅಡಗಿಸಿಕೊಂಡಾಗ ಬೆರಳುಗಳು ಸ್ವಲ್ಪ ಮಡಚಿಯೇ ಇರಬೇಕಾಗುತ್ತದೆ. ಮಡಚಿದ ಖಾಲಿ ಕೈ ನೋಡುವವರಿಗೆ ಕೂಡಲೇ ಅನುಮಾನ ತರಿಸುತ್ತದೆ. ಅದೇ ಕೈ ಕೋಲೊಂದನ್ನು ಹಿಡಿದಿದ್ದರೆ ಮಡಚಿರುವುದು ಸಹಜ. 1876ರಲ್ಲಿ ಲಂಡನ್ನಿನ ವಕೀಲ ಏಂಜೆಲೊ ಲೂಯಿಸ್ 'ಪ್ರೊಫೆಸರ್ ಹಾಫ್‌ಮನ್' ಎಂಬ ಹೆಸರಿನಲ್ಲಿ ಜಾದೂ ಕಲಿಯುವವರಿಗಾಗಿ ಬರೆದ ಪುಸ್ತಕದಲ್ಲೇ ಈ ಮಾತು ಇದೆ. ಕೋಲು ನೋಡುವವರ ಕಣ್ಣಿಗೆ ಅಲಂಕಾರ, ಮಾಡುವವನಿಗೆ ಬಹಳ ಉಪಯೋಗದ ಸಾಧನ ಎಂದು ಆತ ಅಂದೇ ವಿವರಿಸಿದ್ದ. ಮೇಜಿನ ಕಡೆ ಹೋಗಬೇಕು, ಜೇಬಿಗೆ ಕೈ ಹಾಕಬೇಕು ಎಂದಾಗಲೂ ಅಷ್ಟೇ. ಕಾರಣವಿಲ್ಲದೆ ಕೈ ಜೇಬಿಗೆ ಹೋದರೆ ನಾಲ್ಕನೇ ತರಗತಿಯ ಮಗುವೂ ಹಿಡಿದುಬಿಡುತ್ತದೆ. ಕೋಲು ತೆಗೆಯಲು ಹೋದರೆ ಯಾರ ತಕರಾರೂ ಇರುವುದಿಲ್ಲ. ಎರಡೂ ಕೈ ಬೇಕಾದಾಗ ಅದನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಳ್ಳಿ. ಮತ್ತೆ ತೆಗೆಯುವಾಗ ಮೈ ತಾನಾಗಿ ಒಂದಿಷ್ಟು ತಿರುಗುತ್ತದೆ, ಆ ತಿರುವೂ ಉಪಯೋಗಕ್ಕೆ ಬರುತ್ತದೆ. ಬಟ್ಟಲಿನ ಆಟ ಬಲ್ಲವರಿಗೆ ಇಷ್ಟು ಸಾಕು. ಇದಕ್ಕಿಂತ ಬಿಡಿಸಿ ಇಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ಇನ್ನೊಂದು ಕೆಲಸವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ನಾವು ತಂತ್ರ ಮಾಡುವುದು ಒಂದು ಗಳಿಗೆಯಲ್ಲಿ, ಜಾದೂ ಆಯಿತೆಂದು ಜನರಿಗೆ ಅನಿಸುವುದು ಇನ್ನೊಂದು ಗಳಿಗೆಯಲ್ಲಿ. ಚೆಂಡು ಸೇರಬೇಕಾದ ಕಡೆ ಸೇರಿ ಆಗಲೇ ಎಷ್ಟೋ ಹೊತ್ತಾಗಿರುತ್ತದೆ. ನೀವು ಕೋಲಿನ ತುದಿಯಿಂದ ಬಟ್ಟಲನ್ನು ಒಮ್ಮೆ ಟಕ್ ಎಂದು ತಟ್ಟಿದರೆ, "ಆಗಿದ್ದು ಈಗ" ಎಂದು ಮಗುವಿನ ಮನಸ್ಸು ಗುರುತು ಹಾಕಿಕೊಳ್ಳುತ್ತದೆ. ರಾತ್ರಿ ಮಲಗಿ ಯೋಚಿಸುವಾಗಲೂ ಅದು ಹುಡುಕುವುದು ಆ ಟಕ್ ಎಂಬ ಸದ್ದಿನ ಆಸುಪಾಸಿನಲ್ಲೇ. ಅಲ್ಲಿ ಸಿಗುವಂಥದ್ದು ಏನೂ ಇರುವುದಿಲ್ಲ. ಆದ್ದರಿಂದ ಒಂದು ಆಟಕ್ಕೆ ಒಂದೇ ತಟ್ಟು ಇರಲಿ. ತಟ್ಟುವ ಮೊದಲು ಒಂದು ಉಸಿರಿನಷ್ಟು ನಿಲ್ಲಿ.

ತಟ್ಟುವಾಗ ನಿಮ್ಮ ಕಣ್ಣು ಬಟ್ಟಲಿನ ಮೇಲಿರಲಿ. ಜಾದೂಗಾರ ನೋಡಿದ ಕಡೆಯೇ ಜನರೂ ನೋಡುತ್ತಾರೆ. ಆ ಹುಡುಗ ಕೋಲನ್ನು ಅನುಮಾನಿಸಿದ್ದು ನೀವೇ ಕೋಲನ್ನು ನೋಡುತ್ತಿದ್ದುದರಿಂದ ಎಂದು ನನ್ನ ಊಹೆ.

ಬೆಂಗಳೂರು, ಹುಟ್ಟುಹಬ್ಬದ ಮನೆಗಳಲ್ಲಿ ಜಾದೂ ಮಾಡುವವರು

ಹಿರಿಯರ ಮಾತಿಗೆ ಗೌರವವಿದೆ. ಆದರೂ ನಾನು ಬೇಡ ಎನ್ನುತ್ತೇನೆ. ಕಡೇ ಪಕ್ಷ ಆ ಕೋಲು ಬೇಡ.

ಕಪ್ಪು ಮೈ, ಬಿಳಿ ತುದಿ ಯಾವ ಉಡುಪಿಗೆ ಒಪ್ಪುತ್ತದೆ ಎಂದು ಯೋಚಿಸಿ. ಗಡಿಯಾರ ತಯಾರಕರಾಗಿದ್ದ ರಾಬರ್ಟ್ ಹೌಡಿನ್ 1845ರಲ್ಲಿ ಪ್ಯಾರಿಸ್ಸಿನ ಪ್ಯಾಲೆ ರಾಯಲ್‌ನಲ್ಲಿ ತಮ್ಮ ಪುಟ್ಟ ರಂಗಮಂದಿರ ತೆರೆದಾಗ, ಮಂತ್ರವಾದಿಯ ನಿಲುವಂಗಿ ತೊಡದೆ ಅಲ್ಲಿನ ಸಭ್ಯಸ್ಥರ ಸಂಜೆಯ ಉಡುಪಿನಲ್ಲೇ ವೇದಿಕೆಗೆ ಬಂದರು. ನೋಡಲು ಬಂದವರ ಮನೆಯವನಂತೆಯೇ ಕಾಣಬೇಕು ಎಂಬುದು ಅದರ ಬಲ. ಆ ಕರಿಕೋಟಿಗೆ ಕರಿಕೋಲು ಚೆನ್ನ. ನಮ್ಮ ಪಿ.ಸಿ. ಸರ್ಕಾರ್ ಮಹಾರಾಜನ ಪೋಷಾಕು, ಪೇಟ ಧರಿಸಿ 'ಇಂದ್ರಜಾಲ'ವನ್ನು ದೇಶ ವಿದೇಶ ಸುತ್ತಿಸಿದರು. ಬೀದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬಟ್ಟಲಿನ ಆಟ ಆಡುವ ನಮ್ಮ ಜಾದೂವಾಲಾಗಳಿಗೆ ಡಮರುಗವೇ ಸಂಕೇತ. ಅದರ ಸದ್ದು ನಿಂತಿತೆಂದರೆ ಏನೋ ಆಗಿದೆ ಎಂದರ್ಥ. ಹಿರಿಯರು ಹೇಳಿದ ಆ ಗುರುತನ್ನು ಕೋಲಿಲ್ಲದೆಯೂ ಹಾಕಬಹುದು ಎಂದು ತೋರಿಸಲು ಇಷ್ಟು ಹೇಳಿದೆ.

ನೀವು ಸೀರೆಯುಟ್ಟು ನಿಂತಿರುವ ಶಿಕ್ಷಕಿ. ನಿಮ್ಮ ಕೈಗೆ ಒಪ್ಪುವುದು ಸೀಮೆಸುಣ್ಣ. ಅಡಗಿಸಿಕೊಂಡ ಕೈಗೂ ಅದು ನೆಪವಾಗುತ್ತದೆ, ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮೈಸೂರು ಕಡೆಯ ಪ್ರೌಢಶಾಲಾ ಶಿಕ್ಷಕರು

ಶಿಕ್ಷಕರ ಕೈಯಲ್ಲಿ ಕೋಲು ಎಂದರೆ ಮಕ್ಕಳಿಗೆ ಮೊದಲು ತೋಚುವುದು ಜಾದೂ ಅಲ್ಲ. ಈ ಮಾತು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ನಾನೂ ತರಗತಿಯಲ್ಲಿ ಇಂಥದ್ದೇ ಕೋಲು ಹಿಡಿದು ಆಟ ಆಡಿಸುತ್ತಿದ್ದೆ. ಒಮ್ಮೆ ಬಟ್ಟಲಿನ ಕಡೆ ಕೋಲೆತ್ತಿದಾಗ ಮುಂದಿನ ಸಾಲಿನ ಹುಡುಗನೊಬ್ಬ ತಲೆ ತಗ್ಗಿಸಿ ಮೊಣಕೈಯಿಂದ ಕಿವಿ ಮುಚ್ಚಿಕೊಂಡ. ಉಳಿದ ಮಕ್ಕಳು ನಕ್ಕರು. ನನಗೆ ಆಟ ಮುಂದುವರಿಸಲು ಆಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, ನಾನು ಯಾವ ಮಗುವಿಗೂ ಹೊಡೆದವನಲ್ಲ. ಆದರೆ ಆ ಮಗುವಿನ ಮೈಗೆ ಎಲ್ಲಿಯದೋ ಪೆಟ್ಟು ನೆನಪಿತ್ತು.

ಅಂದಿನಿಂದ ಕೋಲನ್ನು ನಾನು ಎತ್ತುವುದಿಲ್ಲ, ಮಕ್ಕಳ ಕೈಗೆ ಕೊಡುತ್ತೇನೆ. ತಟ್ಟುವುದು ಅವರೇ, ಚೆಂಡು ಬರಿಸುವುದೂ ಅವರೇ. ಮುಟ್ಟಿದರೆ ತುಂಡುತುಂಡಾಗಿ ಜೋತುಬೀಳುವ ಕೋಲುಗಳು ಜಾದೂ ಅಂಗಡಿಗಳಲ್ಲಿ ಸಿಗುತ್ತವೆ. ನನ್ನ ಕೈಯಲ್ಲಿ ನೆಟ್ಟಗಿದ್ದದ್ದು ಮಗುವಿನ ಕೈಗೆ ಹೋದೊಡನೆ ಮುರಿದು ತೂಗಾಡುತ್ತದೆ. ಸಭೆ ಬಿದ್ದು ಬಿದ್ದು ನಗುತ್ತದೆ, ಸರಿ. ಆದರೆ ಅಂಜುಬುರುಕ ಮಗುವಿನ ಕೈಗೆ ಅದನ್ನು ಕೊಡಬೇಡಿ, ತಾನೇ ಮುರಿದೆನೆಂದು ಅಳುತ್ತದೆ. ಮಾತಿನ ಮಲ್ಲಿಯಂಥ ಮಗುವನ್ನು ಆರಿಸಿ, "ಅಯ್ಯೋ, ನನ್ನ ತಪ್ಪು" ಎಂದು ನೀವೇ ಹೊಣೆ ಹೊರಿ.

ವಿಜ್ಞಾನ ಕಾರ್ಯಕರ್ತರು, ಪವಾಡ ಬಯಲು ಕಾರ್ಯಕ್ರಮ ನಡೆಸುವವರು

ನನ್ನದೊಂದು ಕಳಕಳಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ನಾಡು ಇದು. ಕೋಲು ತಟ್ಟಿದರೆ ವಸ್ತು ಬರುತ್ತದೆ ಎಂದು ಕಂಡ ಮಗು, ನಾಳೆ ಬೂದಿ ಊದಿ ಉಂಗುರ ತರುವವನನ್ನೂ ನಂಬಬಹುದು. ನಾನು ಕೋಲಿನಿಂದ ಒಮ್ಮೆ ಮಾಡಿದ್ದನ್ನು ಇನ್ನೊಮ್ಮೆ ಊಟದ ಚಮಚದಿಂದ ಮಾಡುತ್ತೇನೆ, ಮೂರನೇ ಸಲ ಮಗುವಿನ ಪೆನ್ಸಿಲ್‌ನಿಂದ. ಕೋಲಿನಲ್ಲಿ ಏನೂ ಇಲ್ಲವೆಂದು ಅವರೇ ಕೂಗಿ ಹೇಳುತ್ತಾರೆ. ಗುಟ್ಟು ಹೇಳಲೇಬೇಕೆಂದಿಲ್ಲ. ಆದರೆ "ಇದು ಅಭ್ಯಾಸದಿಂದ ಬಂದ ಕೈಚಳಕ" ಎಂಬ ಮಾತನ್ನು ದಯವಿಟ್ಟು ಹೇಳಿ.

ಮೊದಲು ಉತ್ತರಿಸಿದ ಜಾದೂಗಾರರು

ಇದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮ ವೃತ್ತಿಯೂ ಇದನ್ನೇ ಹೇಳುತ್ತದೆ. 1926ರ ಅಕ್ಟೋಬರ್ 31ರಂದು ಹ್ಯಾರಿ ಹೌಡಿನಿ ಡೆಟ್ರಾಯಿಟ್‌ನಲ್ಲಿ ತೀರಿಕೊಂಡರು. ನ್ಯೂಯಾರ್ಕಿನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಅಮೆರಿಕದ ಜಾದೂಗಾರರ ಸಂಘದವರು ಒಂದು ಮಂತ್ರದಂಡವನ್ನು ಮುರಿದರು. ಹಿಡಿದವನು ಹೋದ ಮೇಲೆ ಅದು ಬರೀ ಕಟ್ಟಿಗೆ ಎಂದು ಅದರ ಅರ್ಥ. ಸಂಘದ ಸದಸ್ಯರು ತೀರಿಕೊಂಡಾಗ ಈ ವಿಧಿ ಇಂದಿಗೂ ನಡೆಯುತ್ತದೆ. ನನ್ನ ಗುರುಗಳು ತೀರಿಕೊಂಡ ದಿನ ನಾವು ನಾಲ್ವರು ಶಿಷ್ಯರು ಅವರ ಕೋಲನ್ನು ಮುರಿಯಲು ತಂದೆವು. ಅಮ್ಮ, ಅಂದರೆ ಅವರ ಪತ್ನಿ, ಕೊಡಲಿಲ್ಲ. ದೇವರ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಅದೂ ಸರಿಯೇ ಎಂದು ನನಗೆ ಈಗ ಅನಿಸುತ್ತದೆ.

ಪ್ರೌಢಶಾಲೆಯ ಮೇಷ್ಟ್ರು ಬೆತ್ತದ ವಿಷಯ ಹೇಳಿದ್ದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಮುಂದಿನ ಶಾಲಾ ಪ್ರದರ್ಶನದಲ್ಲಿ ಕೋಲನ್ನು ತಲೆಯ ಮೇಲಕ್ಕೆ ಎತ್ತುವುದಿಲ್ಲ.

ರಾಮನಗರ ಜಿಲ್ಲೆಯಿಂದ

ಪ್ಲಾಸ್ಟಿಕ್ ಕೋಲು ಹಗುರ, ತಟ್ಟಿದರೆ ಸದ್ದು ಪೊಳ್ಳಾಗಿ ಕೇಳುತ್ತದೆ. "ಒಳಗೆ ಏನೋ ಇದೆ" ಎಂದು ಹುಡುಗನಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಕುಶಲಕರ್ಮಿಗಳ ಹತ್ತಿರ ಹೋಗಿ ಆಲೆಮರದಲ್ಲಿ ಗಟ್ಟಿ ಕೋಲು ಕಡೆಸಿಕೊಳ್ಳಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ನನ್ನದು ಅರಿಸಿನ ಬಣ್ಣ, ತುದಿ ಕೆಂಪು. ಹಾಫ್‌ಮನ್ ಹೇಳಿದ ಅಳತೆ 12ರಿಂದ 15 ಅಂಗುಲ ಉದ್ದ, ಮುಕ್ಕಾಲು ಅಂಗುಲ ದಪ್ಪ. ಸಣ್ಣ ಕೈಯವರಿಗೆ ಅಷ್ಟು ದಪ್ಪ ಹಿಡಿತಕ್ಕೆ ಸಿಗುವುದಿಲ್ಲ. ಅರ್ಧ ಅಂಗುಲ ಸಾಕು.

ಪ್ರಶ್ನೆ ಕೇಳಿದ ಶಿಕ್ಷಕಿ, ಐದು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ವಾರ್ಷಿಕೋತ್ಸವ ನಿನ್ನೆ ಮುಗಿಯಿತು.

ಹಗ್ಗ ಮತ್ತು ಕರವಸ್ತ್ರದ ಆಟಗಳಿಗೆ ಸೀಮೆಸುಣ್ಣ ಹಿಡಿದೆ. ಕೋಲನ್ನು ಬಟ್ಟಲಿನ ಆಟಕ್ಕೆ ಮಾತ್ರ ತೆಗೆದೆ. ಚನ್ನಪಟ್ಟಣದ್ದು, ಹಸಿರು ಬಣ್ಣ, 12 ಅಂಗುಲ. ಕೈಚಳಕದ ಮಾತನ್ನೂ ಮೊದಲೇ ಹೇಳಿದೆ. ಮೊದಲ ಎರಡು ಬಟ್ಟಲು ನಾನೇ ತಟ್ಟಿದೆ, ಒಂದೊಂದು ಸಲ. ಆಮೇಲೆ, ಒಳಗೆ ಏನೋ ಇದೆ ಎಂದಿದ್ದ ಆ ಹುಡುಗನನ್ನು ವೇದಿಕೆಗೆ ಕರೆದು ಕೋಲು ಕೊಟ್ಟು, "ನೋಡಪ್ಪ, ಏನಿದೆ ಪರೀಕ್ಷಿಸು" ಎಂದೆ. ಅವನು ಬಹಳ ಗಂಭೀರವಾಗಿ ತಿರುಗಿಸಿ ನೋಡಿದ, ಕಿವಿಗೆ ಹಿಡಿದು ಅಲ್ಲಾಡಿಸಿದ, ಮೂಸಿದ, ಮೇಜಿಗೆ ಕುಟ್ಟಿದ. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು. ಅಷ್ಟು ಹೊತ್ತು ನನ್ನ ಕೈಗಳನ್ನು ಯಾರೂ ನೋಡಲಿಲ್ಲ ಎಂಬುದು ನಿಮಗೆ ಹೇಳದೆಯೂ ತಿಳಿಯುತ್ತದೆ.

"ಏನೂ ಇಲ್ಲ ಮಿಸ್" ಎಂದ. "ಹಾಗಾದರೆ ನೀನೇ ತಟ್ಟು" ಎಂದೆ. ಮೂರನೇ ಬಟ್ಟಲನ್ನು ಮೆಲ್ಲಗೆ ಒಮ್ಮೆ ತಟ್ಟಿ ತಾನೇ ಎತ್ತಿದ. ಕೆಳಗೆ ಚೆಂಡಿನ ಬದಲು ನಮ್ಮ ಶಾಲೆಯ ತೋಟದ ನಿಂಬೆಹಣ್ಣು ಇತ್ತು. ಮಕ್ಕಳು ಬೆಂಚಿನ ಮೇಲೆ ಎದ್ದು ನಿಂತರು. ಅವನು ನಿಂಬೆಹಣ್ಣನ್ನು ನೋಡಿದ, ಕೋಲನ್ನು ನನ್ನ ಕೈಗೆ ಕೊಟ್ಟ, ಆಮೇಲೆ ಬಹಳ ಹೊತ್ತು ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ನಿಂತಿದ್ದ.